ಎನ್ನಲಾಗಿದೆ

ನಾಲ್ಕೂವರೆಗೆ ಹುಬ್ಬಳ್ಳಿ ಬಸ್ಸಿನ ಟಪ್ಪಿನಿಂದ
ಒಂದು ಕಟ್ಟು ಬೀಳುತ್ತದೆ. ಐದಕ್ಕೆ ಮಂಗಳೂರಿನದು.
ಕಾರವಾರ ಸ್ಟ್ಯಾಂಡಿನ ಕಟ್ಟೆಯ ಮೇಲೆ
ಹಗ್ಗ ಬಿಚ್ಚಿ, ಪುರವಣಿ ತೂರಿಸಿ,
ಎರಡನ್ನೂ ಒಂದೇ ಕ್ಯಾರಿಯರಿಗೆ ಹೇರುತ್ತೇನೆ.
ದಾರಿಯುದ್ದಕ್ಕೂ ಅವು ಜಗಳವಾಡುವುದಿಲ್ಲ.
ಜಗಳ ಶುರುವಾಗುವುದು ಕೋಡಿಬಾಗದಲ್ಲಿ,
ಎಂಟು ಗಂಟೆಗೆ, ಚಹಾದ ಜೊತೆ.

ರಘುಬಾ ಮಾಮಾನಿಗೆ ಹುಬ್ಬಳ್ಳಿಯದು, ಮೂವತ್ತೊಂದು ವರ್ಷದಿಂದ.
ರೋಹಿದಾಸ ಬಾವನಿಗೆ ಮಂಗಳೂರಿನದು.
ನಡುವೆ ಒಂದು ಬಾವಿ, ಒಂದು ನುಗ್ಗೆಮರ.
ಇಬ್ಬರಿಗೂ ಹಾಕುವವನು ನಾನೇ,
ತಿಂಗಳ ಬಿಲ್ಲಿನಲ್ಲೂ ನನ್ನದೇ ಅಕ್ಷರ.
ಮಾಮಿ ಹೇಳುತ್ತಾಳೆ: ಬೆಂಕಿಪೆಟ್ಟಿಗೆ ಮಾರುವವನ
ಮುಖ ನೋಡು, ಎಷ್ಟು ಪಾಪದ್ದು!

ಜೆಟ್ಟಿ ಬೇಡವೆಂದು ಮೆರವಣಿಗೆ ಹೊರಟ ಮರುದಿನ
ಮಾಮಾನ ಪೇಪರಿನಲ್ಲಿ ಇನ್ನೂರು ಜನ,
ಬಾವನ ಪೇಪರಿನಲ್ಲಿ ಎರಡು ಸಾವಿರ.
ಉಳಿದ ಸಾವಿರದೆಂಟುನೂರು ಮಂದಿ
ನಮ್ಮ ಬಾವಿಕಟ್ಟೆಯ ಸುತ್ತ
ಎತ್ತ ಹೋಗುವುದೋ ತಿಳಿಯದೆ ನಿಂತಿದ್ದರು.
"ನಾನು ಅಲ್ಲೇ ಇದ್ದೆ ಮಾಮಾ, ಸೈಕಲ್ ಹಿಡಿದು."
"ಇದ್ದರೇನು? ಓದಿದೆಯಾ?"
ಬಾವನ ಕಡೆ ತಿರುಗಿದೆ. ಕೈಯೆತ್ತಿ ತಡೆದ,
ಸಂಪಾದಕೀಯ ಅರ್ಧಕ್ಕೆ ಬಂದಿತ್ತು.
ನಿಜ ಹೇಳಬೇಕೆಂದರೆ ನಾನೂ ಎಣಿಸಿರಲಿಲ್ಲ.
ಶೇಂಗಾ ತಿನ್ನುತ್ತಿದ್ದೆ. ಬಿಸಿಯಾಗಿತ್ತು.

ಒಮ್ಮೆ ಅದಲುಬದಲು ಹಾಕಿ ನೋಡಿದೆ.
ಅರ್ಧ ಗಂಟೆಯೊಳಗೆ ಇಬ್ಬರ ಫೋನೂ ಬಂತು,
ಒಂದೇ ಬೈಗುಳ, ಒಂದೇ ಕೊಂಕಣಿಯಲ್ಲಿ.
ಅದೊಂದು ದಿನ ಮನೆತನದಲ್ಲಿ ಒಮ್ಮತವಿತ್ತು.
ಚೌತಿಯ ಮರುದಿನ ಪೇಪರಿಗೆ ರಜೆ,
ಇವತ್ತಾದರೂ ಸುಮ್ಮನಿರುತ್ತಾರೆ ಅಂದುಕೊಂಡೆ.
ಬಾಯಿಪಾಠವಾಗಿದ್ದನ್ನೇ ತೆಗೆದರು,
ನೇವರಿ ಜಗಿಯುತ್ತಾ.

ಈ ಸಲ ಮಾಮಾನ ಕಣ್ಣಿನ ಪೊರೆ ತೆಗೆಸಿದರು.
ಕಪ್ಪು ಕನ್ನಡಕ. ಹದಿನೈದು ದಿನ ಅಕ್ಷರ ನೋಡಕೂಡದು.
"ನೀನೇ ಓದು" ಅಂದ. ಓದಿದೆ.
ಮೂರನೆಯ ದಿನ, ನಾಲಿಗೆ ತುರಿಸಿತೋ ಏನೋ,
ಅವನ ಸುದ್ದಿಯ ನಡುವೆ ಬಾವನ ಪೇಪರಿನದೊಂದು ಸಾಲು
ಅದೇ ದನಿಯಲ್ಲಿ, ಉಸಿರು ಬಿಡದೆ, ಸೇರಿಸಿಬಿಟ್ಟೆ.

"ನಿಲ್ಲು. ಇದು ನಮ್ಮ ಪೇಪರಿನದಲ್ಲ."
"ಇದೆ ಮಾಮಾ, ಮೂರನೇ ಕಾಲಂ."
"ನಮ್ಮವನು 'ಎನ್ನಲಾಗಿದೆ' ಅಂತ ಬರೆಯುವವನಲ್ಲ.
ಅವನು ಹೇಳಿದನೆಂದರೆ ಹೇಳಿದ, ಮುಗಿಯಿತು."

ಮೂವತ್ತೊಂದು ವರ್ಷ ಒಬ್ಬನ ಜೊತೆ ಚಹಾ ಕುಡಿದರೆ
ಅವನ ಕೆಮ್ಮಿನ ಗುರುತೂ ಸಿಗುತ್ತದೆ.
ಮಗಳ ಮದುವೆ ಮುರಿದ ವರ್ಷ
ನೆಂಟರೆಂಬ ನಾವು ಯಾರೂ ಆ ಅಂಗಳ ತುಳಿಯಲಿಲ್ಲ.
ತಪ್ಪದೆ ಬಂದದ್ದು ಅದೊಂದೇ,
ಅದೂ ನನ್ನ ಕೈಯಿಂದ,
ಸೈಕಲ್ ಇಳಿಯದೆ, ಗೇಟಿನಾಚೆಯಿಂದ ಎಸೆದದ್ದು.
ಸುರುಳಿ ಹೋಗಿ ತುಳಸಿಕಟ್ಟೆಗೆ ಬಡಿಯುತ್ತಿತ್ತು.
ಒಳಗಿನಿಂದ ಮಾಮಾ "ಬಂತು" ಅನ್ನುತ್ತಿದ್ದ.
ಯಾರಿಗೆ ಅನ್ನುತ್ತಿದ್ದನೋ. ನಾನು ಪೆಡಲು ತುಳಿಯುತ್ತಿದ್ದೆ.

ಮರುದಿನ ಒಂದಕ್ಷರ ಸೇರಿಸದೆ ಓದಿದೆ.
ಅವನ ಸಿಟ್ಟನ್ನು ಅವನಿಗೇ ಬೇಕಾದ ಖಾರದಲ್ಲಿ.
ಬಂಗಾರದ ದರ. ಶ್ರದ್ಧಾಂಜಲಿ:
ಎರಡೂ ಪೇಪರಿನಲ್ಲಿ ಅಂದು ಒಬ್ಬನೇ ಸತ್ತಿದ್ದ,
ಅದೇ ಫೋಟೋ, ಅದೇ ಟೊಪ್ಪಿಗೆ,
ವಯಸ್ಸು ಮಾತ್ರ ಒಂದರಲ್ಲಿ ಎರಡು ವರ್ಷ ಹೆಚ್ಚು.
ಮಡಚಿ ಏಳುವಾಗ ಮಾಮಾ ಅಂಗಿಯ ಚುಂಗು ಹಿಡಿದ.
ಕಪ್ಪು ಕನ್ನಡಕ ನುಗ್ಗೆಮರದ ಕಡೆಗಿತ್ತು.

"ನಿನ್ನೆಯ ಆ 'ಎನ್ನಲಾಗಿದೆ',
ಮುಂದೆ ಏನಂತೆ? ಓದು.
ಬೈಯಲಿಕ್ಕಾದರೂ ಗೊತ್ತಿರಬೇಕಲ್ಲ."
ಚೀಲದಿಂದ ಇನ್ನೊಂದು ಎಳೆದೆ.
"ಮೆಲ್ಲಗೆ ಮಾರಾಯಾ,
ಆ ರೋಹಿದಾಸನಿಗೆ ಕೇಳೀತು."