ಅದೇ ತಪ್ಪು

ಗ್ರಿಮ್ಸ್‌ಬಿಯ ಲೈಬ್ರರಿ, ಗುರುವಾರ ಸಂಜೆ.
ದಿನವಿಡೀ ಕಾಡ್ ಮೀನಿನ ಮುಳ್ಳು ಕಿತ್ತ ಬೆರಳು,
ನಿಂಬೆ ಉಜ್ಜಿದರೂ ವಾಸನೆ ಬಿಡದು.
ಉಣ್ಣೆಗೆ ಅದರ ಗೊಡವೆಯಿಲ್ಲ.

ಎನಿಡ್ ಕಲಿಸುತ್ತಾಳೆ: ಸರಪಳಿ, ಚಿಪ್ಪು,
ಜೋಳದರಳಿನ ಹಾಗೆ ಉಬ್ಬುವ ಗಂಟು.
‘ಅಷ್ಟು ಬಿಗಿ ಯಾಕೆ? ದಾರ ಓಡಿಹೋಗಲ್ಲ.’
ಏನು ಹೇಳಲಿ,
ಚಾಕು ಸಡಿಲ ಹಿಡಿದರೆ ಹೆಬ್ಬೆರಳೇ ಹೋಗುವ ಕೆಲಸ ನನ್ನದು.

ಶೀತಲ ಕೋಣೆಗೆಂದು
ಕಿವಿ ಮುಚ್ಚುವ ಪಟ್ಟಿ ಹೆಣೆದೆ, ಸಾಸಿವೆ ಬಣ್ಣ,
ಅಂಚಿಗೆ ಚಿಪ್ಪಿನ ಸಾಲು.
ಮೂರು ವಾರ.
ಎಳೆದೆಳೆದರೂ ಕಿವಿಯಿಂದ ಕಿವಿಗೆ ಬಂದು ಸುಸ್ತಾಯಿತು.

ಎನಿಡ್ ಪುಸ್ತಕ ತಿರುಗಿಸಿ ನೋಡಿ ನಕ್ಕಳು.
ಅಮೆರಿಕದ್ದು!
ಅವರ ಡಬಲ್ ನಮಗೆ ಟ್ರೆಬಲ್,
ನಮ್ಮ ಡಬಲ್ ಅವರಿಗೆ ಬರೀ ಸಿಂಗಲ್;
ಒಂದೊಂದು ಸಾಲೂ ಕುಳ್ಳು.

ಬಿಚ್ಚಲು ಮನಸ್ಸಾಗಲಿಲ್ಲ.
ಮಾರನೆಯ ಬೆಳಗ್ಗೆ, ಬೆಲ್ಟಿನ ಮುಂದೆ,
ಗ್ಲೌಸು ಮುಗಿದು ತೋಳು ಶುರುವಾಗುವ ಮೊದಲು
ಚಳಿ ಕಚ್ಚುತ್ತದಲ್ಲ, ಆ ನಾಲ್ಕು ಬೆರಳಗಲ ಜಾಗ,
ಅಲ್ಲಿಗೆ ಒಂದೂವರೆ ಸುತ್ತು ಸುತ್ತಿ
ಗುಂಡಿ ಹಾಕಿದೆ.
ಅಳತೆ ಕೊಟ್ಟು ಮಾಡಿಸಿದ ಹಾಗೆ.

ಎಡಗೈ ಈಗ ಬೆಚ್ಚಗಿದೆ.
ಬಲಗೈ ಕೇಳುತ್ತಿದೆ.
ಮುಂದಿನ ಗುರುವಾರ ಕೂತು
ಅದೇ ತಪ್ಪನ್ನು
ಎಣಿಸಿ ಎಣಿಸಿ ಸರಿಯಾಗಿ ಮಾಡಬೇಕು.