ತೆಂಪೊರಾಲೆ

ಅಕ್ಟೋಬರಿನ ಮೂರೂವರೆ. ಜೆಪ್ಪುವಿನ ಆಕಾಶ
ಘಟ್ಟದ ಕಡೆಯಿಂದ ಕಪ್ಪೇರುವಾಗ
ಮೋಡೆಮಿನ ವಯರು ಕೀಳುತ್ತೇನೆ.
ಹೋದ ವರ್ಷದ್ದು ಸುಟ್ಟುಹೋಗಿತ್ತು.

ಪಕ್ಕದ ಮೆಟ್ಟಿಲಲ್ಲಿ ಸೆವ್ರಿನ್ ಬಾಯಿ,
ನೈಟಿಯ ಮೇಲೊಂದು ಟವೆಲು.
"ತೆಂಪೊರಾಲೆ" ಎನ್ನುತ್ತಾರೆ, ಯಾರಿಗೂ ಅಲ್ಲ.

ಬೆರ್ಗಮೊದಲ್ಲಿ ಹನ್ನೊಂದು ವರ್ಷ
ಒಬ್ಬ ಮುದುಕಿಯ ಕಾಲು ತಿಕ್ಕಿ, ಸೂಪು ಕುಡಿಸಿ
ತಂದದ್ದು ಒಂದು ಸೂಟ್‌ಕೇಸು, ಮಂಡಿನೋವು, ಈ ಪದ.
ಜೂನಿನ ಮಳೆಗೆ ಅದನ್ನು ಬಳಸುವುದಿಲ್ಲ.
ಅದು ಹಾಸಿಗೆ ಬಿಡಿಸಿಕೊಂಡೇ ಬರುವ ನೆಂಟ.
ಇದು ಬಾಕಿ ಕೇಳಲು ಬಂದವ:
ಬಾಗಿಲಲ್ಲೇ ನಿಂತು, ಊರಿಗೆಲ್ಲ ಕೇಳುವಂತೆ ಬೈದು,
ಗಂಟೆಯೊಳಗೆ ಕಡಲಿಗೆ ಇಳಿದುಬಿಡುತ್ತಾನೆ.

ಮಿಂಚು.
ಉನೊ, ದುಯೆ, ತ್ರೆ. ಮುದುಕಿ ಕಲಿಸಿದ ಎಣಿಕೆ.
ನಾಲ್ಕಕ್ಕೆ ಹಂಚು ನಡುಗಿತು.
"ವೆಲೆನ್ಸಿಯಾಕ್ಕೆ ಬಂತು."

ಅಲ್ಲಿ ಹೊತ್ತಿಗೂ ಹವೆಗೂ ಒಂದೇ ಮಾತಂತೆ, ತೆಂಪೊ.
ನಮ್ಮಲ್ಲೂ ಹಾಗೇ ಅಲ್ವಾ ಬಾಯಿ, ಮಳೆಗಾಲ, ಅಂದೆ.
ಅವರು ನಗಲಿಲ್ಲ.
ಮುದುಕಿ ಹೇಗಿದ್ದಾರೆ ಈಗ?

"ಕಾಲವಾದರು."

ದಪ್ಪ ಹನಿಗಳು ಅಂಗಳದ ಧೂಳಿಗೆ ತೂತು ಕೊರೆದವು.
ಮತ್ತೆ ಮಿಂಚು. ಅವರು ಸುಮ್ಮನಿದ್ದರು.
ನಾನೇ ಎಣಿಸಿದೆ, ಒಂಜಿ, ರಡ್ಡ್, ಮೂಜಿ, ನಾಲ್,
ಐನ್, ಆಜಿ,
ಏಳಾದರೂ ಸದ್ದಿಲ್ಲ.