ಪಾಲಾರ್ ರೂಮು

ನರಸಾಪುರದ ನಮ್ಮ ಕಾರ್ಖಾನೆಯ ನಟ್ಟನಡುವೆ
ಗಾಜಿನದೊಂದು ಕೋಣೆ. ಬಾಗಿಲ ಮೇಲೆ ಪಾಲಾರ್ ಅಂತ ಬರೆದಿದೆ.
ಪಕ್ಕದ್ದು ಅಂತರಗಂಗೆ; ಅದರ ಪ್ರೊಜೆಕ್ಟರ್ ಕೆಟ್ಟು ಎರಡು ವರ್ಷ.
ಹೆಸರಿಟ್ಟವರು ಹೊಳೆ ಕಂಡವರಲ್ಲ.
ನಾನು ಕಂಡೆನಾ? ನಾನೂ ಸೇತುವೆಯನ್ನಷ್ಟೇ ಕಂಡದ್ದು.

ಮೊದಮೊದಲು ಗಾಜು ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.
ಸ್ಟೋರಿನ ಗಂಗುಲಪ್ಪ ಟೀ ಟ್ರೇ ಸಮೇತ ಒಳಗೆ ನಡೆದುಬಿಟ್ಟ,
ಹಣೆಗೆ ಮೂರು ಹೊಲಿಗೆ.
ಆಮೇಲೆ ಸೊಂಟದೆತ್ತರಕ್ಕೆ ಮಂಜು ಮಂಜಾದ ಪಟ್ಟಿ ಅಂಟಿಸಿದರು:
ಕೂತವರಿಗೆ ಈಗ ಎದೆ ಇಲ್ಲ,
ತಲೆ ಇದೆ, ಮೇಜಿನ ಕೆಳಗೆ ಅಲ್ಲಾಡುವ ಕಾಲಿವೆ.

ನಾನು ಅಲ್ಲಿ ಮಿನಿಟ್ಸ್ ಬರೆಯುವವಳು.
ಗೋಡೆಗೆ ಒರಗೋಣವೆಂದರೆ ಗೋಡೆಯೇ ಇಲ್ಲ.
ಆಕಳಿಕೆ ಬಂದರೆ ಹಲ್ಲಲ್ಲೇ ಕಚ್ಚಿ ನುಂಗಬೇಕು.
ನಗುವುದಕ್ಕೂ ಲೆಕ್ಕ, ಹೊರಗೆ ನಿಂತವರು
ನಮ್ಮನ್ನೇ ನೋಡಿ ನಕ್ಕರು ಅಂದುಕೊಂಡಾರು.
ಅಪ್ರೈಸಲ್ ದಿನ ಒಮ್ಮೆ ಕಣ್ಣಲ್ಲಿ ನೀರು ಬಂತು.
ಕೆಮ್ಮಿದೆ. ಎರಡು ಸಲ. ಸುಮ್ಮನೆ.

ಷಣ್ಮುಗಂ ಸಾರ್ ಬಾಗಿಲೆಳೆದು ಹೇಳುವುದು ಒಂದೇ ಮಾತು:
"ಸೌಂಡ್ ಹೊರಗೆ ಹೋಗಲ್ಲ, ಧೈರ್ಯವಾಗಿ ಮಾತಾಡಿ."
ನಿಜ. ಒಳಗೆ ಅರಚಿಕೊಂಡರೂ ಹೊರಗೆ ಬರೀ ಮೀನಿನ ಬಾಯಿ.

ಆದರೆ ಅಮರಾವತಿ.
ಮೂರನೇ ಲೈನಿನ ಕೊನೆಯಲ್ಲಿ ಡಬ್ಬಿಗೆ ಮುಚ್ಚಳ ಹಾಕುವವಳು,
ಹುಟ್ಟಿದಾಗಿನಿಂದ ಕಿವಿ ಕೇಳದವಳು.
ಮನೆಯ ತೆಲುಗು, ಸ್ಕೂಲಿನ ಕನ್ನಡ, ಪಕ್ಕದ ಮನೆಯ ಉರ್ದು
ಎಲ್ಲವನ್ನೂ ತುಟಿಯಿಂದಲೇ ಆರಿಸಿಕೊಂಡವಳು.
ಕ್ಯಾಂಟೀನಿನಲ್ಲಿ ಒಂದು ದಿನ ಮುದ್ದೆಯ ಕೈ ತೊಳೆದು ಬಂದು
ಫೋನಿನಲ್ಲಿ ಟೈಪು ಮಾಡಿ ತೋರಿಸಿದಳು:
ಮೊನ್ನೆ ನೀವು ಎದ್ದು ಹೋದಾಗ ನಿಮ್ಮನ್ನು ಸೋಂಬೇರಿ ಅಂದರು.
ಮತ್ತೆ ಟೈಪು ಮಾಡಿದಳು:
ಮೀಸೆ ಇರೋರದ್ದು ಕಷ್ಟ. ನಿಮ್ಮ ಸಾರ್‌ದು ಸಲೀಸು.

ಅಂದಿನಿಂದ ನನಗೆ ನನ್ನ ಬಾಯಿಯದೇ ಭಯ.
ಪೆನ್ನನ್ನು ತುಟಿಗೆ ಅಡ್ಡ ಹಿಡಿಯುವುದು ಕಲಿತೆ.
ಯಾರಿಗೂ ಹೇಳಲಿಲ್ಲ. ಮಿನಿಟ್ಸಿನಲ್ಲೂ ಇಲ್ಲ.

ಮಾರ್ಚಿನ ಒಂದು ಸಂಜೆ, ಎಸಿ ಹದಿನೆಂಟರಲ್ಲಿ.
ಮೂರನೇ ಲೈನು ವೇಮಗಲ್ಲಿನ ಹೊಸ ಶೆಡ್ಡಿಗೆ ಹೋಗುತ್ತದೆ.
ಜನ ಹೋಗುವುದಿಲ್ಲ.
ಸಾರ್ ಆವತ್ತು ಲೈನಿಗೆ ಬೆನ್ನು ಹಾಕಿ ಕೂತಿದ್ದರು, ಬೇಕಂತ ಅಲ್ಲ.
"ತಿಂಗಳ ಕೊನೆಯವರೆಗೆ ಯಾರಿಗೂ ಗೊತ್ತಾಗೋದು ಬೇಡ."
ಅಮರಾವತಿ ಅವರ ಬೋಳು ಹಿಂದಲೆಯನ್ನು
ಮುಚ್ಚಿದ ಪುಸ್ತಕದ ರಟ್ಟಿನ ಹಾಗೆ ನೋಡುತ್ತಿದ್ದಳು.

ನಾನು ಬರೆದೆ. ದಿನಾಂಕ, ಹಾಜರಿದ್ದವರು, ನಿರ್ಣಯ.
ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟೆ.
ಮುಖ ಎತ್ತಿ, ದನಿಯಿಲ್ಲದೆ,
ಮಗುವಿಗೆ ತುತ್ತಿಡುವವರು ತಾವೂ ಬಾಯಿ ತೆರೆಯುತ್ತಾರಲ್ಲ ಹಾಗೆ
ಒಂದೊಂದು ಅಕ್ಷರಕ್ಕೂ ಬಾಯಿ ಪೂರ್ತಿ ತೆರೆದು
ತೆಲುಗಿನಲ್ಲಿ ಹೇಳಿದೆ, ಅವಳಿಗೆ ಮೊದಲು ಬಂದ ಭಾಷೆ ಅದು.
"ಏನಾಯ್ತು?" ಅಂದರು ಸಾರ್.
"ಆಕಳಿಕೆ, ಸಾರ್."

ಹೊರಗೆ ಅವಳ ಕೈ ಮುಚ್ಚಳದ ಮೇಲೆ ನಿಂತಿತು.
ಬೆಲ್ಟು ನಿಲ್ಲಲಿಲ್ಲ.
ಬಾಯಿ ತೆರೆದ ನಾಲ್ಕು ಡಬ್ಬಿ ದಾಟಿಹೋದವು, ಐದು.
ಆಮೇಲೆ ಅವಳು ಪಕ್ಕದವಳ ಭುಜ ಮುಟ್ಟಿದಳು.